ಮನೆ ತೆರಿಗೆ ಕಟ್ಟಿದೆವು, ಲೆಕ್ಕ ಕನ್ನಡದಲ್ಲಿ ಕೊಡಿ

ಮಾನ್ಯರೇ,

ಕಾಸರಗೋಡಿನ ನಮ್ಮ ಊರಲ್ಲಿ ಪಂಚಾಯತಿಗೆ ಮನೆ ತೆರಿಗೆ ತಪ್ಪದೆ ಕಟ್ಟುತ್ತೇವೆ, ಆದರೆ ಆ ದುಡ್ಡಿನ ಲೆಕ್ಕ ನಮಗೆ ತಿಳಿಯುವ ಭಾಷೆಯಲ್ಲಿ ಸಿಗುವುದೇ ಇಲ್ಲ. ಕೇರಳದಲ್ಲಿ 2023ರ ಏಪ್ರಿಲ್‌ನಲ್ಲಿ ಕಟ್ಟಡ ತೆರಿಗೆ ಪರಿಷ್ಕರಣೆಯಾಯಿತು, ಅಲ್ಲಿಂದ ವರ್ಷಕ್ಕೆ ಶೇ. 5ರಂತೆ ಏರುತ್ತಿದೆ. ಏರಲಿ, ಬೇಡ ಅನ್ನುತ್ತಿಲ್ಲ.

ಮೊನ್ನೆ ಬಜೆಟ್ ಪುಸ್ತಕ ನೋಡೋಣ ಅಂತ ಕಚೇರಿಗೆ ಹೋದೆ. ದಪ್ಪ ಪುಸ್ತಕ, ಪೂರ್ತಿ ಮಲಯಾಳ. ನಾಲ್ಕು ಪುಟ ಜೆರಾಕ್ಸ್ ಮಾಡಿಸಿಕೊಂಡು ಬಂದು ಪಕ್ಕದ ಮನೆಯ ಹೈಸ್ಕೂಲ್ ಹುಡುಗಿಯಿಂದ ಓದಿಸಿದಾಗಲೇ ಗೊತ್ತಾಗಿದ್ದು, ಅದರಲ್ಲಿ ಪದೇ ಪದೇ ಬರುವ ‘ತನತ್ ಫಂಡ್’ ಅಂದರೆ ಪಂಚಾಯತಿಯ ಸ್ವಂತ ವರಮಾನ, ಅಂದರೆ ನಮ್ಮ ಮನೆ ತೆರಿಗೆಯೂ ಸೇರಿದ ದುಡ್ಡು ಎಂದು! ಬೀದಿ ದೀಪಕ್ಕೂ ರಸ್ತೆ ರಿಪೇರಿಗೂ ಇಟ್ಟ ಮೊತ್ತ ಅದರಲ್ಲಿತ್ತು, ಯಾವ ವಾರ್ಡಿಗೆ ಎಷ್ಟು ಅಂತ ಮಾತ್ರ ಇರಲಿಲ್ಲ.

1969ರ ಕೇರಳದ ಅಧಿಕೃತ ಭಾಷಾ ಕಾಯ್ದೆಯ ಪ್ರಕಾರ ಇಲ್ಲಿನ ಕನ್ನಡಿಗರು ಸರ್ಕಾರಿ ಕಚೇರಿಗೆ ಕನ್ನಡದಲ್ಲಿ ಬರೆದು ಕನ್ನಡದಲ್ಲೇ ಉತ್ತರ ಪಡೆಯಬಹುದು. ಪತ್ರಕ್ಕೆ ಇರುವ ಹಕ್ಕು ಲೆಕ್ಕಕ್ಕೂ ಇರಬೇಕಲ್ವಾ?

ಇಡೀ ಪುಸ್ತಕ ಅನುವಾದ ಮಾಡಿ ಎಂದು ಕೇಳುತ್ತಿಲ್ಲ, ಸುಮ್ನೆ ಖರ್ಚು. ವಾರ್ಡಿಗೆ ಒಂದು ಹಾಳೆ ಸಾಕು. ಎಷ್ಟು ತೆರಿಗೆ ಬಂತು, ಯಾವ ಕೆಲಸಕ್ಕೆ ಎಷ್ಟು ಹೋಯಿತು ಎಂದು ಕನ್ನಡದಲ್ಲಿ ಬರೆದು ರೇಷನ್ ಅಂಗಡಿಯ ಗೋಡೆಗೆ ಅಂಟಿಸಲಿ, ಮೂರು ತಿಂಗಳಿಗೊಮ್ಮೆ ಸೇರಬೇಕಾದ ಗ್ರಾಮಸಭೆಯಲ್ಲಿ ಗಟ್ಟಿಯಾಗಿ ಓದಲಿ.

– ಒಬ್ಬ ತೆರಿಗೆದಾರ, ಕಾಸರಗೋಡು