ಗ್ಯಾಲಹರ್ ಪರವಾಗಿ, ಗೆಳೆಯನಿಗೊಂದು ಪತ್ರ

ಪ್ರೀತಿಯ ಗೆಳೆಯ,

ನ್ಯೂಜಿಲೆಂಡ್ ರಗ್ಬಿ ತಂಡದ ಹಳೇ ನಾಯಕ ಡೇವ್ ಗ್ಯಾಲಹರ್ ಬಗ್ಗೆ "ಮೋಸಗಾರ" ಅಂತ ಒಂದೇ ಪದದಲ್ಲಿ ತೀರ್ಪು ಕೊಟ್ಟುಬಿಟ್ಟೆಯಲ್ಲ, ಉತ್ತರ ಇಲ್ಲೇ ಎಲ್ಲರೆದುರು ಬರೀತೀನಿ.

1873ರಲ್ಲಿ ಐರ್ಲೆಂಡಿನಲ್ಲಿ ಹುಟ್ಟಿ ನ್ಯೂಜಿಲೆಂಡಿನಲ್ಲಿ ಬೆಳೆದದ್ದು, ಪಾನ್ಸನ್‌ಬಿ ಕ್ಲಬ್ಬು, ದಕ್ಷಿಣ ಆಫ್ರಿಕಾದ ಬೋಅರ್ ಯುದ್ಧಕ್ಕೆ ಹೋದದ್ದು, 1903ರಲ್ಲಿ ಸಿಡ್ನಿಯಲ್ಲಿ ಆಡಿದ ಮೊದಲ ಟೆಸ್ಟು, ಇವೆಲ್ಲ ನಿನಗೆ ಗೊತ್ತು. ಜಗಳ ಇರೋದು 1905ರ ಬ್ರಿಟನ್ ಪ್ರವಾಸದ ಸ್ಕ್ರಮ್ಮಿನದ್ದು, ಅಂದ್ರೆ ಎರಡೂ ತಂಡದವರು ಬಗ್ಗಿ ಹೆಣೆದುಕೊಂಡು ನಡುವೆ ಹಾಕಿದ ಚೆಂಡಿಗಾಗಿ ತಳ್ಳಾಡೋದು.

ಬ್ರಿಟನ್ನಿನವರು ಅದಕ್ಕೆ ಎಂಟು ಫಾರ್ವರ್ಡ್‌ಗಳನ್ನು, ಅಂದ್ರೆ ಮುಂದಾಳು ಆಟಗಾರರನ್ನು, ಇಳಿಸ್ತಿದ್ರು. ಮೊದಲು ಬಂದವನು ಮುಂದಿನ ಸಾಲಿಗೆ, ಅಷ್ಟೇ ಲೆಕ್ಕ. ಗ್ಯಾಲಹರ್ ತಂಡದ ಸ್ಕ್ರಮ್ಮಿನಲ್ಲಿ ಏಳೇ ಜನ, ಎಲ್ಲರ ಜಾಗವೂ ಖಾಯಂ: ಮುಂದೆ ಇಬ್ಬರು, ನಡುವೆ ಮೂವರು, ಹಿಂದೆ ಇಬ್ಬರು. ಮುಂದಿನ ಇಬ್ಬರೂ ಹುಕರ್‌ಗಳು, ಚೆಂಡನ್ನು ಕಾಲಿಂದ ಹಿಂದಕ್ಕೆ ಎಳೆಯೋರು. ಅವರಿಬ್ಬರನ್ನೂ ಹಿಂದಿನಿಂದ ನಡುವಿನ ಸಾಲಿನ ಲಾಕ್ ಬಿಗಿಯಾಗಿ ಹಿಡಿದಿರ್ತಾನೆ. ಕಾಲಿಗೆ ಸಿಕ್ಕ ಚೆಂಡು ತಕ್ಷಣ ಹಿಂದೆ ಬಂದು, ಸ್ಕ್ರಮ್ಮಿನ ಹಿಂದೆ ಕಾಯೋ ಹಾಫ್‌ಬ್ಯಾಕ್ ಕೈ ಸೇರಬೇಕು. ತಳ್ಳಾಟಕ್ಕೆ ನಿಂತರೆ ಎಂಟರ ಮುಂದೆ ಏಳು ಸೋಲುತ್ತೆ, ಅದಕ್ಕೇ ಆ ಅವಸರ.

ಎಂಟನೆಯವನೇ ಗ್ಯಾಲಹರ್, ವಿಂಗ್ ಫಾರ್ವರ್ಡ್, ಅಂದ್ರೆ ಸ್ಕ್ರಮ್ಮಿನ ಹೊರಗೆ ನಿಲ್ಲೋ ಫಾರ್ವರ್ಡ್. ಮೊಣಕಾಲಿನ ಕೆಳಗೆ ಶಿನ್ ಪ್ಯಾಡ್ ಕಟ್ಟಿಕೊಂಡು, ಚೆಂಡನ್ನು ಒಳಗೆ ಹಾಕಿ, ಸ್ಕ್ರಮ್ಮಿನ ಪಕ್ಕದಲ್ಲೇ ನಿಂತುಬಿಡ್ತಿದ್ದ. ಎದುರು ತಂಡದ ಹಾಫ್‌ಬ್ಯಾಕ್ ಅವನನ್ನು ಸುತ್ತಿಕೊಂಡೇ ಬರಬೇಕು. ಅಷ್ಟರಲ್ಲಿ ಚೆಂಡು ಹಿಂದಿನ ಓಟಗಾರರ, ಅಂದ್ರೆ ಬ್ಯಾಕ್‌ಗಳ, ಸಾಲಿನಲ್ಲಿ ಓಡ್ತಾ ಇರುತ್ತೆ.

ಇತ್ತೀಚೆಗೆ ನನಗೆ ಕಸಿವಿಸಿ ಆಗ್ತಿರೋದು ಇಲ್ಲೇ. ಚೆಂಡು ಹಾಕಿದ ಮೇಲೆ ಅಲ್ಲಿ ಅವನಿಗಿದ್ದ ಮುಖ್ಯ ಕೆಲಸ ಅಡ್ಡ ನಿಲ್ಲೋದು. ಇಂಗ್ಲಿಷ್ ಪತ್ರಿಕೆಗಳು ಬೈದದ್ದೂ ಅದಕ್ಕೇ. ನಾನು ಇಷ್ಟು ವರ್ಷ ಮೆಚ್ಚಿಕೊಂಡು ಬಂದದ್ದೂ ಅದನ್ನೇ. ನಿಯಮದ ಸಂದಿ ಕಂಡುಹಿಡಿದು ಅಲ್ಲಿ ನೆಟ್ಟಗೆ ನಿಲ್ಲುವ ಧೈರ್ಯ ನನ್ನಲ್ಲಿ ಯಾವತ್ತೂ ಇಲ್ಲ, ಅದಕ್ಕೇ ಅವನನ್ನು ಇಷ್ಟೊಂದು ಹಚ್ಚಿಕೊಂಡೆನೇನೋ. ಇದನ್ನ ಹೇಳಬೇಕು ಅಂತ ಕೂತಿರಲಿಲ್ಲ, ಬಿಡು.

ಕಾರ್ಡಿಫ್‌ನಲ್ಲಿ ವೇಲ್ಸ್ ಎದುರಿನ ಪಂದ್ಯ ನೆನಪಿಸಿಕೋ. 1905ರ ಡಿಸೆಂಬರ್ 16. ಸ್ಕ್ರಮ್ಮಿನಲ್ಲಿ ರೆಫ್ರಿ ಮತ್ತೆ ಮತ್ತೆ ಪೆನಾಲ್ಟಿ ಕೊಟ್ಟಾಗ ಗ್ಯಾಲಹರ್ ತನ್ನ ಹುಕರ್‌ಗಳಿಗೆ ಚೆಂಡಿಗೆ ಕಾಲು ಹಾಕೋದೇ ಬೇಡ ಅಂದ. ಚೆಂಡೇ ಸಿಗದಿದ್ದರೆ ಆ 2-3-2 ಸಾಲಿಗೆ ಏನು ಬೆಲೆ? ವೇಲ್ಸ್ 3-0 ಇಂದ ಗೆದ್ದಿತು. ಆ ಪ್ರವಾಸದ 35 ಆಟಗಳಲ್ಲಿ ಸೋತದ್ದು ಅದೊಂದೇ. ಮೋಸಗಾರ ಅಷ್ಟು ಸುಲಭವಾಗಿ ಚೆಂಡು ಬಿಟ್ಟುಕೊಡ್ತಾನಾ, ನೀನೇ ಹೇಳು.

1917ರಲ್ಲಿ ಪ್ಯಾಸೆಂಡೇಲ್ ಯುದ್ಧದಲ್ಲಿ ಸತ್ತ, 43 ವಯಸ್ಸು. ವಿಂಗ್ ಫಾರ್ವರ್ಡ್ ಅನ್ನೋ ಜಾಗವೂ 1930ರ ದಶಕದ ಶುರುವಿನಲ್ಲಿ ನಿಯಮ ಬದಲಾಗಿ ಹೋಯ್ತು.

ಭಾನುವಾರ ಊಟಕ್ಕೆ ಬಾ. ಬೆಂಕಿಕಡ್ಡಿ ಜೋಡಿಸಿ ತೋರಿಸ್ತೀನಿ. ಎಂಟು ಕಡ್ಡಿ ನೀನೇ ಇಟ್ಕೋ, ನನಗೆ ಏಳು ಸಾಕು.

ನಿನ್ನವನೇ