ತೋಟ ಮೊದಲು, ನರ್ಸರಿ ಆಮೇಲೆ

ಪ್ರಿಯ ಗೆಳೆಯ,

ಅಪರೂಪದ ಗಿಡಗಳನ್ನಷ್ಟೇ ಮಾರುವ ನರ್ಸರಿಯೊಂದನ್ನು ಆರಂಭಿಸಬೇಕೆಂದಿರುವೆ ಎಂದು ನೀನು ಬರೆದಂದಿನಿಂದ ನನ್ನ ಮನಸ್ಸು ಇಂಗ್ಲೆಂಡಿನ ಒಂದು ತೋಟವನ್ನೇ ಸುತ್ತುತ್ತಿದೆ. ಎಸೆಕ್ಸ್‌ನ ಕೋಲ್ಚೆಸ್ಟರ್ ಪಟ್ಟಣದ ಸಮೀಪದಲ್ಲಿ ಬೆತ್ ಚ್ಯಾಟೊ ಎಂಬುವರು 1960ರಲ್ಲಿ ಕಟ್ಟತೊಡಗಿದ ತೋಟವದು. ಅದರ ಮಗ್ಗುಲಲ್ಲಿ ಅವರು ನರ್ಸರಿ ತೆರೆದು, ‘ಅಸಾಮಾನ್ಯ ಗಿಡಗಳು’ ಎಂಬರ್ಥದ ಹೆಸರಿಟ್ಟದ್ದು 1967ರಲ್ಲಿ. ನಡುವಿನ ಆ ಏಳು ವರ್ಷಗಳನ್ನು ಗಮನಿಸು. ನಿನ್ನ ಯೋಜನೆಯಲ್ಲಿ ಅವು ಇಲ್ಲವೇ ಇಲ್ಲ ಎಂಬುದೇ ನನ್ನ ತಕರಾರು.

ಅವರಿಗೆ ಸಿಕ್ಕಿದ್ದು ಹಣ್ಣಿನ ಬೆಳೆಗೆ ಒಗ್ಗದೆ ಪಾಳು ಬಿದ್ದಿದ್ದ ನೆಲ. ಒಂದು ಕಡೆ ನೀರು ನಿಲ್ಲದ ಜಲ್ಲಿಮಣ್ಣು, ತಗ್ಗಿನಲ್ಲಿ ಒರತೆಯಿಂದ ಸದಾ ಜೌಗಾಗಿರುವ ಹಳ್ಳ, ಉಳಿದೆಡೆ ಹಳೆಯ ಓಕ್ ಮರಗಳ ನೆರಳು. ಪತಿ ಆಂಡ್ರ್ಯೂ ಅವರು ಗಿಡಗಳ ತವರನ್ನು, ಎಂದರೆ ಅವು ಕಾಡಿನಲ್ಲಿ ಎಂಥ ಮಣ್ಣಿನಲ್ಲಿ, ಎಷ್ಟು ಬಿಸಿಲಿನಲ್ಲಿ ಬೆಳೆಯುತ್ತವೆ ಎಂಬುದನ್ನು, ಜೀವಮಾನವಿಡೀ ಅಧ್ಯಯನ ಮಾಡಿದವರು. ಆ ತಿಳಿವಳಿಕೆಯ ಬಲದಿಂದ ಜೌಗಿನಲ್ಲಿ ಕೊಳಗಳಾದವು, ಅವುಗಳ ದಡದಲ್ಲಿ ಪ್ರಿಮುಲಾ, ಹೋಸ್ಟಾದಂಥ ತೇವ ಬಯಸುವ ಗಿಡಗಳು ನೆಲೆಯೂರಿದವು. ಒಣನೆಲವು ಮೆಡಿಟರೇನಿಯನ್ ಗಿಡಗಳಿಗೆ ಮೀಸಲಾಯಿತು.

ನನ್ನನ್ನು ಬಹಳ ಹೊತ್ತು ಹಿಡಿದು ನಿಲ್ಲಿಸಿದ್ದು ಅಲ್ಲಿಯ ಜಲ್ಲಿತೋಟ. ವಾಹನಗಳನ್ನು ನಿಲ್ಲಿಸುತ್ತಿದ್ದ ಜಾಗವದು. ಚಕ್ರಗಳಡಿ ಗಟ್ಟಿಯಾಗಿದ್ದ ನೆಲವನ್ನು ಆಳವಾಗಿ ಸೀಳಿ, ಗೊಬ್ಬರ ಸೇರಿಸಿ, 1992ರಲ್ಲಿ ಗಿಡ ನೆಟ್ಟು, ಮೇಲೆ ಜಲ್ಲಿ ಹರಡಿದರು. ವರ್ಷಕ್ಕೆ ಸುಮಾರು 500 ಮಿಲಿಮೀಟರ್ ಮಳೆ ಬೀಳುವ ಆ ಸೀಮೆಯಲ್ಲಿ, ಒಮ್ಮೆ ಬೇರೂರಿದ ಗಿಡಗಳಿಗೆ ಮತ್ತೆ ನೀರುಣಿಸುವುದಿಲ್ಲ ಎಂದು ಪಣ ತೊಟ್ಟು ಅದನ್ನು ಪಾಲಿಸಿದರು. ಬೇಸಿಗೆಯಲ್ಲಿ ಕೆಲವು ಸೊರಗುತ್ತವೆ, ಕೆಲವು ಸತ್ತೂ ಹೋಗುತ್ತವೆ. ಉಳಿದದ್ದನ್ನು ಮಾರುವಾಗ ಮಾತ್ರ, ಇದು ಒಣನೆಲಕ್ಕೆ ಆಗುತ್ತದೆ ಎಂದು ಧೈರ್ಯವಾಗಿ ಹೇಳಬಹುದು. ಕುಂಡದಲ್ಲಷ್ಟೇ ಗಿಡವನ್ನು ನೋಡಿದವನಿಗೆ ಆ ಧೈರ್ಯ ಎಲ್ಲಿಂದ ಬರಬೇಕು?

ಇನ್ನು ವ್ಯಾಪಾರದ ಮಾತು. ಮಾರುಕಟ್ಟೆಯಲ್ಲಿ ಗಿಡವೊಂದು ಅಪರೂಪವಾಗಲು ಅನೇಕ ಸಲ ಕಾರಣ ಅದರ ಸೌಂದರ್ಯವಲ್ಲ, ನಿಧಾನ. ಟ್ರಿಲಿಯಂ ಎಂಬ ಕಾಡುಹೂವಿನ ಬೀಜ ಬಿತ್ತಿದವನು ಹೂ ಕಾಣಲು ಐದಾರು ವರ್ಷ, ಕೆಲವೊಮ್ಮೆ ಅದಕ್ಕಿಂತ ಹೆಚ್ಚು ಕಾಯಬೇಕು. ಎಲೆಯಲ್ಲಿ ಬಣ್ಣದ ಪಟ್ಟಿಯಿರುವ ಎಷ್ಟೋ ತಳಿಗಳು ಬೀಜದಿಂದ ತಾಯಿಯ ಹಾಗೆ ಹುಟ್ಟುವುದಿಲ್ಲ. ಬುಡ ಸೀಳಿಯೋ ಕಡ್ಡಿ ನೆಟ್ಟೋ ಹೆಚ್ಚಿಸಬೇಕು, ಅದಕ್ಕೆ ಬಲಿತ ತಾಯಿಗಿಡಗಳು ಬೇಕು. ಅವಿಲ್ಲದವರು ಸುಲಭದ ದಾರಿ ಹಿಡಿದು ಕಾಡಿನ ಗೆಡ್ಡೆಗಳನ್ನು ಕೀಳಿಸಿ ತರಿಸುತ್ತಾರೆ. ಸ್ನೋಡ್ರಾಪ್ ಮತ್ತು ಸೈಕ್ಲಮೆನ್ ಎಂಬ ಹೂಗಿಡಗಳ ಗೆಡ್ಡೆಗಳ ಅಂತರರಾಷ್ಟ್ರೀಯ ವ್ಯಾಪಾರವನ್ನು, ಅಳಿವಿನ ಅಂಚಿನ ಜೀವಿಗಳ ವ್ಯಾಪಾರಕ್ಕೆ ಕಡಿವಾಣ ಹಾಕುವ ‘ಸೈಟಿಸ್’ ಒಪ್ಪಂದದಡಿ ನಿಯಂತ್ರಿಸಬೇಕಾಗಿ ಬಂದದ್ದು ಸುಮ್ಮನಲ್ಲ. ನೀನು ಆ ದಾರಿ ಹಿಡಿಯುವವನಲ್ಲ, ಬಲ್ಲೆ. ಆದರೆ ನಿನಗೆ ಗೆಡ್ಡೆ ಒದಗಿಸುವವನ ಬಗ್ಗೆ ಆ ಮಾತು ಹೇಳಲಾರೆ.

ಚ್ಯಾಟೊ ಅವರಿಗೂ ಮೊದಲ ಬಂಡವಾಳ ಸ್ನೇಹದಿಂದಲೇ ಬಂತು. ಚಿತ್ರಕಾರ ಸೆಡ್ರಿಕ್ ಮಾರಿಸ್ ತಮ್ಮ ತೋಟದ ಬೀಜ, ಕಡ್ಡಿಗಳನ್ನು ಅವರಿಗೆ ಧಾರಾಳವಾಗಿ ಕೊಟ್ಟಿದ್ದರು. ಲಂಡನ್ನಿನ ಹೆಸರಾಂತ ಚೆಲ್ಸಿ ಪುಷ್ಪಪ್ರದರ್ಶನದಲ್ಲಿ 1977ರಿಂದ 1987ರವರೆಗೆ ಗಳಿಸಿದ ಹತ್ತು ಚಿನ್ನದ ಪದಕಗಳೆಲ್ಲ ಬಹಳ ಆಮೇಲಿನ ಮಾತು.

ಆದ್ದರಿಂದ ಮಾರಾಟದ ಪಟ್ಟಿಯನ್ನು ಸದ್ಯಕ್ಕೆ ಬದಿಗಿಡು. ಜೋರು ಮಳೆ ನಿಂತ ಮೇಲೆ ನಿನ್ನ ನೆಲದ ಯಾವ ಮೂಲೆ ಮೊದಲು ಒಣಗುತ್ತದೆ, ಯಾವುದು ವಾರವಾದರೂ ಒದ್ದೆಯಾಗಿರುತ್ತದೆ ಎಂದು ನೋಡಿ ನನಗೆ ಬರೆ. ನನ್ನಲ್ಲಿರುವ ತಾಯಿಗಿಡಗಳಲ್ಲಿ ಯಾವುದರ ಬುಡ ಸೀಳಿ ಕಳಿಸಬೇಕೆಂದು ಆಮೇಲೆ ಯೋಚಿಸುತ್ತೇನೆ.

ಇಂತಿ,
ನಿನ್ನ ಗೆಳೆಯ