ಭಾನುವಾರ ಹಳೇ ಗೋವಾ: ಅಗಸ್ಟಿನ್ ಮಠದ ಅವಶೇಷ

ಎಲ್ಲರಿಗೂ ನಮಸ್ಕಾರ. ಹೆಸರು ಕೊಟ್ಟವರು ಭಾನುವಾರ ಬೆಳಿಗ್ಗೆ 8ಕ್ಕೆ ಪಣಜಿ ಕದಂಬ ಬಸ್ ನಿಲ್ದಾಣದಲ್ಲಿರಿ. ಅಲ್ಲಿಂದ ಸುಮಾರು 10 ಕಿ.ಮೀ. ಇಳಿದ ಮೇಲೆ ಗುಡ್ಡ ಹತ್ತಬೇಕು, ಮಂಡಿನೋವಿದ್ದವರು ಮೊದಲೇ ಹೇಳಿ, ಆಟೋ ಮಾಡೋಣ.

ಮಳೆ ಬಿಟ್ಟರೂ ಜಂಬಿಟ್ಟಿಗೆ ಕಲ್ಲಿನ ಮೇಲೆ ಪಾಚಿ ಇರುತ್ತೆ, ಚಪ್ಪಲಿ ಜಾರುತ್ತೆ. ಶೂ ಹಾಕಿ. ಮಠದ ಇಗರ್ಜಿಯ (ಚರ್ಚಿನ) ಚಾವಣಿ 1842ರಲ್ಲೇ ಕುಸಿದಿದೆ, ಹಾಗಾಗಿ ನೆರಳು ಕಡಿಮೆ. ಟೋಪಿ, ತಲಾ ಒಂದು ಲೀಟರ್ ನೀರು ಇರಲಿ.

46 ಮೀಟರ್ ಗೋಪುರದಲ್ಲಿ ಅರ್ಧ 1931ರಲ್ಲಿ ಬಿದ್ದಿದೆ, ಉಳಿದದ್ದಕ್ಕೆ ಒರಗಬೇಡಿ. ನೆಲದ ಚಪ್ಪಡಿಗಳು ಸಮಾಧಿಗಳು. ತುಳಿದರೆ ಕೆತ್ತನೆ ಸವೆಯುತ್ತೆ. ಆ ಅಕ್ಷರ ಓದೋಕೆ ಓರೆ ಬಿಸಿಲೇ ಬೇಕು, ಅದಕ್ಕೇ ಇಷ್ಟು ಬೇಗ. ಗೋಪುರದಲ್ಲಿದ್ದ ಗಂಟೆ ಈಗ ಅಲ್ಲಿಲ್ಲ, ಪಣಜಿ ಇಗರ್ಜಿಯಲ್ಲಿದೆ.

ಬರುವವರು ಶುಕ್ರವಾರ ರಾತ್ರಿಯೊಳಗೆ ಎಷ್ಟು ಜನ ಅಂತ ಇಲ್ಲೇ ಹಾಕಿ.